ಗೇಟಿನ ಪಕ್ಕದ ‘ಕ್ರಿಸ್‌ಮಸ್ ಗಿಡ’: ಮನೆಯಂಗಳದ ಪೈನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ನಮ್ಮ ಮನೆಯ ಗೇಟಿನ ಪಕ್ಕ ಒಂದು ಕ್ರಿಸ್‌ಮಸ್ ಮರ ಇದೆ. ಮೂರು ಮಹಡಿಗಿಂತ ಎತ್ತರ. ವಾಕಿಂಗ್ ಹೋಗುವವರು ನಿಂತು ನೋಡುತ್ತಾರೆ, ಎಲ್ಲಿ ಸಿಗುತ್ತೆ, ಹೇಗೆ ಬೆಳೆಸೋದು ಅಂತ ಕೇಳುತ್ತಾರೆ. ನೆಂಟರಿಷ್ಟರು ಫೋನ್ ಮಾಡಿ ಕೇಳುತ್ತಾರೆ. ಹೇಳಿದ್ದನ್ನೇ ಹೇಳಿ ಹೇಳಿ ಸಾಕಾಗಿ ಒಂದು ಕಡೆ ಬರೆದಿಟ್ಟಿದ್ದೇನೆ. ಇದರಲ್ಲಿ ನಾನು ಮಾಡಿದ ತಪ್ಪುಗಳೂ ಇವೆ.

ನರ್ಸರಿಯವರು ‘ಪೈನ್’ ಅಂತ ಕೊಟ್ಟರು. ಇದು ನಿಜವಾಗಿಯೂ ಪೈನ್ ಮರವೇ?

ಬಹುಪಾಲು ಅಲ್ಲ. ನಮ್ಮ ಕಡೆ ಪೈನ್, ಕ್ರಿಸ್‌ಮಸ್ ಟ್ರೀ, ಎಕ್ಸ್‌ಮಸ್ ಗಿಡ ಅಂತ ಮಾರುವುದು ಅರಾಕೇರಿಯಾವನ್ನು. ಛತ್ರಿ ಬಿಚ್ಚಿದ ಹಾಗೆ ಸುತ್ತಲೂ ಕೊಂಬೆ, ಅದರ ಮೇಲೊಂದು ಸುತ್ತು, ಅದರ ಮೇಲೆ ಇನ್ನೊಂದು ಸುತ್ತು. ಮಕ್ಕಳು ಬಿಡಿಸುವ ಚಿತ್ರದ ಹಾಗೇ ಇರುತ್ತದೆ, ಅಲ್ವಾ? ಅದೇ ಅರಾಕೇರಿಯಾ.

ಇದರಲ್ಲಿ ಎರಡು ಜಾತಿ ನಮ್ಮಲ್ಲಿ ಓಡಾಡುತ್ತವೆ. ಒಂದು ನಾರ್ಫೋಕ್ ದ್ವೀಪದ್ದು. ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡಿಗೂ ನಡುವೆ ಸಮುದ್ರದಲ್ಲಿ ಒಂದು ಪುಟ್ಟ ದ್ವೀಪ ಅದು. ಅಲ್ಲಿನ ಬಾವುಟದ ನಟ್ಟನಡುವೆ ಇದೇ ಮರದ ಚಿತ್ರ ಇದೆ. 1774ರಲ್ಲಿ ಇಂಗ್ಲಿಷ್ ನಾವಿಕ ಕ್ಯಾಪ್ಟನ್ ಕುಕ್ ಈ ಮರಗಳನ್ನು ನೋಡಿ ಹಡಗಿನ ಪಟಸ್ತಂಭಕ್ಕೆ ಹೇಳಿ ಮಾಡಿಸಿದ ಹಾಗಿವೆ ಅಂದುಕೊಂಡ. ಆಮೇಲೆ ನೋಡಿದರೆ ಮರಕ್ಕೆ ಅಷ್ಟು ಗಟ್ಟಿತನ ಇರಲಿಲ್ಲ. ಇನ್ನೊಂದು ಜಾತಿ ನ್ಯೂ ಕ್ಯಾಲೆಡೋನಿಯಾದ್ದು. ಅದಕ್ಕೆ ಕುಕ್ ಪೈನ್ ಅಂತಲೇ ಹೆಸರು.

ಚಿಕ್ಕ ಗಿಡದಲ್ಲಿ ಎರಡನ್ನೂ ಬೇರೆ ಮಾಡಿ ಹೇಳುವುದು ಕಷ್ಟ. ಮಾರುವವರಿಗೂ ಗೊತ್ತಿರುವುದಿಲ್ಲ. ಬೆಳೆದ ಮೇಲೆ ಗೊತ್ತಾಗುತ್ತದೆ. ನಾರ್ಫೋಕಿನದು ಅಗಲವಾಗಿ, ಸುತ್ತು ಸುತ್ತಿನ ನಡುವೆ ಬೆಳಕು ಕಾಣುವಂತೆ ಬೆಳೆಯುತ್ತದೆ. ಕುಕ್ ಪೈನ್ ಕಂಬದ ಹಾಗೆ ಕಿರಿದಾಗಿ ಏರುತ್ತದೆ, ತೊಗಟೆ ಕಾಗದದ ಹಾಗೆ ಸುಲಿದು ಬರುತ್ತದೆ. ಲಾಲ್‌ಬಾಗಿನಲ್ಲಿ ಹಳೆಯ ಅರಾಕೇರಿಯಾ ಮರಗಳಿವೆ. ಗಿಡ ಕೊಳ್ಳುವ ಮುಂಚೆ ಅಲ್ಲಿಗೆ ಹೋಗಿ, ಅದರ ಬುಡದಲ್ಲಿ ನಿಂತು, ಕತ್ತೆತ್ತಿ ತುದಿ ನೋಡಿ ಬನ್ನಿ. ಬಾಕಿ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅಲ್ಲೇ ಉತ್ತರ ಸಿಗುತ್ತದೆ.

ಹಾಗಾದರೆ ನಿಜವಾದ ಪೈನನ್ನು ಗುರುತಿಸುವುದು ಹೇಗೆ?

ಎಲೆ ನೋಡಿ. ನಿಜವಾದ ಪೈನಿನ ಎಲೆ ಉದ್ದನೆಯ ಸೂಜಿ. ಅದು ಒಂಟಿಯಾಗಿ ಬರುವುದಿಲ್ಲ. ಎರಡು, ಮೂರು ಅಥವಾ ಐದು ಸೂಜಿಗಳು ಬುಡದಲ್ಲಿ ಸೇರಿಕೊಂಡು ಕಂತೆಯಾಗಿ ಬರುತ್ತವೆ. ಹಿಮಾಲಯದ ತಪ್ಪಲಿನ ಚೀಡ್ ಮರದಲ್ಲಿ ಒಂದು ಕಂತೆಗೆ ಮೂರು ಸೂಜಿ. ಅರಾಕೇರಿಯಾದಲ್ಲಿ ಈ ಕಂತೆ ಇರುವುದಿಲ್ಲ, ಚಿಕ್ಕ ಚಿಕ್ಕ ಎಲೆಗಳು ರೆಂಬೆಯ ಸುತ್ತ ಹಗ್ಗ ಹೊಸೆದ ಹಾಗೆ ಅಂಟಿಕೊಂಡಿರುತ್ತವೆ.

ಇನ್ನು ಸರ್ವೆ ಮರ, ಅಂದರೆ ಗಾಳಿ ಮರ. ದೂರದಿಂದ ಪೈನ್ ಥರಾನೇ ಕಾಣುತ್ತದೆ. ಆದರೆ ಅದಕ್ಕೂ ಪೈನಿಗೂ ಯಾವ ನೆಂಟಸ್ತಿಕೆಯೂ ಇಲ್ಲ, ಅದು ಹೂ ಬಿಡುವ ಜಾತಿಯ ಮರ. ಅದರ ‘ಸೂಜಿ’ ಎಲೆಯೇ ಅಲ್ಲ, ತೆಳ್ಳನೆಯ ರೆಂಬೆ. ಹಿಡಿದು ಎಳೆದರೆ ಗೆಣ್ಣು ಗೆಣ್ಣಾಗಿ ಕಳಚಿಕೊಳ್ಳುತ್ತದೆ. ಚಿಕ್ಕವರಿದ್ದಾಗ ನಾವು ಅದನ್ನು ಕಳಚಿ ಮತ್ತೆ ಜೋಡಿಸಿ, ಎಲ್ಲಿ ಮುರಿದಿದೆ ಹೇಳು ಅಂತ ಆಟ ಆಡುತ್ತಿದ್ದೆವು.

ತಮಾಷೆ ಅಂದರೆ, ಸೂಜಿ ಎಲೆ ಇಲ್ಲದ ಒಂದು ಮರವೇ ದಕ್ಷಿಣ ಭಾರತದ ಕಾಡಿನ ಸ್ವಂತ ಶಂಕುಮರ, ಅಂದರೆ ಪೈನ್, ಅರಾಕೇರಿಯಾ ಸೇರಿದ ಬಳಗದ ಮರ. ಪಶ್ಚಿಮ ಘಟ್ಟದಲ್ಲಿರುವ ನಾಜಿಯಾ ಅದು, ಅಗಲ ಎಲೆಯದು. ಈ ಬಳಗದಲ್ಲಿ ದಕ್ಷಿಣಕ್ಕೆ ತಾನಾಗಿ ಬಂದದ್ದು ಅದೊಂದೇ. ಉಳಿದ ಎಲ್ಲವನ್ನೂ ಯಾರೋ ತಂದು ನೆಟ್ಟದ್ದು. ಊಟಿಗೆ ಹೋಗುವಾಗ ಗೂಡಲೂರು ರಸ್ತೆಯಲ್ಲಿ ಇಳಿದು ಫೋಟೋ ತೆಗೆಸಿಕೊಳ್ಳುವ ಪೈನ್ ಕಾಡೂ ನೆಟ್ಟಿದ್ದೇ.

ನಮ್ಮ ಊರಿನ ಹವೆಗೆ ಯಾವುದು ಬರುತ್ತದೆ?

ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರು, ಕೊಡಗು: ಅರಾಕೇರಿಯಾ ಚೆನ್ನಾಗಿ ಬರುತ್ತದೆ. ಬೆಂಗಳೂರು 900 ಮೀಟರಿಗೂ ಎತ್ತರದಲ್ಲಿದೆ, ರಾತ್ರಿ ತಂಪಾಗುತ್ತದೆ. ಗಿಡಕ್ಕೆ ಅದು ಹಿತ.

ಮಂಗಳೂರು, ಉಡುಪಿ, ಕಾರವಾರ: ಇಲ್ಲೂ ಬರುತ್ತದೆ. ನಾರ್ಫೋಕ್ ಮರ ಹುಟ್ಟಿದ್ದೇ ಸಮುದ್ರದ ನಡುವೆ. ಉಪ್ಪುಗಾಳಿ ಅದಕ್ಕೆ ಹೊಸದಲ್ಲ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು.

ಕಲಬುರಗಿ, ರಾಯಚೂರು, ಬಳ್ಳಾರಿ: ಮೊದಲ ಮೂರು ನಾಲ್ಕು ಬೇಸಿಗೆ ಕಷ್ಟ. 40 ಡಿಗ್ರಿ ದಾಟಿದ ಒಣಗಾಳಿಗೆ ಎಳೆ ಗಿಡದ ತುದಿ ಸುಟ್ಟುಹೋಗುತ್ತದೆ. ಮಧ್ಯಾಹ್ನದ ನೆರಳು, ಬುಡಕ್ಕೆ ದಪ್ಪ ಹೊದಿಕೆ ಕೊಟ್ಟು ಉಳಿಸಿಕೊಳ್ಳಬಹುದು. ಅಷ್ಟು ಕಷ್ಟಪಡುವ ಬದಲು ಅಲ್ಲಿ ತುಜಾ ಹಾಕಿ ಅಂತ ನಾನು ಹೇಳುತ್ತೇನೆ.

ನಿಜವಾದ ಪೈನೇ ಬೇಕು ಅಂತ ಹಟ ಇದ್ದರೆ ಚೀಡ್ ಹುಡುಕಿ. ಅದು ಹಿಮದ ಮರ ಅಲ್ಲ. ಹಿಮಾಲಯದ ಕೆಳಗಿನ ಬಿಸಿ ಇಳಿಜಾರುಗಳಲ್ಲಿ, ಸುಮಾರು 500 ಮೀಟರಿನಿಂದಲೇ ಶುರುವಾಗುವ ಮರ. ಹಾಗಾಗಿ ನಮ್ಮ ಬಿಸಿಲನ್ನು ತಡೆದುಕೊಳ್ಳುತ್ತದೆ. ದೇವದಾರು, ನೀಲಿ ಪೈನ್, ಸ್ಪ್ರೂಸ್ ಇವೆಲ್ಲ ಬೇಡ. ಚಳಿಗಾಲ ಅಂದರೇನು ಅಂತ ಗೊತ್ತಿಲ್ಲದ ಊರಲ್ಲಿ ಅವು ಸೊರಗಿ ಸೊರಗಿ ಹೋಗುತ್ತವೆ. ಆನ್‌ಲೈನಿನಲ್ಲಿ ‘ನೀಲಿ ಸ್ಪ್ರೂಸ್ ಬೀಜ’ ಅಂತ ಬಣ್ಣ ಬಣ್ಣದ ಪ್ಯಾಕೆಟ್ ಬರುತ್ತವೆ. ದುಡ್ಡು ದಂಡ.

ಎಷ್ಟು ಎತ್ತರ ಬೆಳೆಯುತ್ತದೆ? ನಮ್ಮದು 30x40 ಸೈಟು.

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ ಇದು. ಮೊದಲು ಕೇಳಬೇಕಾದದ್ದು.

ನಾರ್ಫೋಕ್ ದ್ವೀಪದಲ್ಲಿ ಈ ಮರ 50 ಮೀಟರ್ ದಾಟುತ್ತದೆ. ನಮ್ಮ ಅಂಗಳದಲ್ಲಿ ಅಷ್ಟಾಗುವುದಿಲ್ಲ, ಆದರೆ 60-70 ಅಡಿ ಆಗುವುದಕ್ಕೆ ಅಡ್ಡಿಯಿಲ್ಲ. ಕುಂಡದಲ್ಲಿದ್ದಾಗ ವರ್ಷಕ್ಕೆ ಒಂದು ಗೇಣು ಬೆಳೆಯುವ ಗಿಡ, ನೆಲದಲ್ಲಿ ಬೇರು ಹಿಡಿದ ಮೇಲೆ ವರ್ಷಕ್ಕೆ ಎರಡು ಅಡಿ ಏರುತ್ತದೆ. ಮೊದಲ ಎರಡು ವರ್ಷ ಏನೂ ಆಗುತ್ತಿಲ್ಲವಲ್ಲ ಅನ್ನಿಸುತ್ತದೆ. ಆಮೇಲೆ ಹಿಡಿಯುವವರಿಲ್ಲ.

ನನ್ನ ಕಥೆ ಕೇಳಿ. ಮಗಳು ಎಲ್‌ಕೆಜಿಯಲ್ಲಿದ್ದಾಗ ಡಿಸೆಂಬರಿನಲ್ಲಿ ಎರಡಡಿ ಗಿಡ ತಂದೆವು. ಹಬ್ಬ ಮುಗಿದ ಮೇಲೆ ಕುಂಡ ಬಿರುಕು ಬಿಟ್ಟಿತು. ಗೇಟಿನ ಪಕ್ಕ ಕಾಂಪೌಂಡಿನಿಂದ ಮೂರಡಿ ಒಳಗೆ ಜಾಗ ಖಾಲಿ ಇತ್ತು. ಗುಣಿ ತೋಡಿ ಇಟ್ಟೆ. ಆ ದಿನ ನಾನು ಜಾಗ ನೋಡಿದ್ದು ನೆಲದ ಮೇಲೆ ಮಾತ್ರ. ಮೇಲೆ ನೋಡಲಿಲ್ಲ. ಮೇಲೆ ಕರೆಂಟಿನ ತಂತಿ ಹೋಗಿತ್ತು.

30x40 ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಉಳಿಯುವುದು ನಾಲ್ಕೈದು ಅಡಿ ಪಟ್ಟಿ. ಅಲ್ಲಿ ಅರಾಕೇರಿಯಾವನ್ನು ನೆಲಕ್ಕೆ ಹಾಕಬೇಡಿ. ಕುಂಡದಲ್ಲೇ ಇರಲಿ. ಸುಮ್ನೆ ಹೇಳುತ್ತಿಲ್ಲ.

ಗೋಡೆಯಿಂದ ಎಷ್ಟು ದೂರ ಇರಬೇಕು? ಬೇರು ಪಾಯ ಒಡೆಯುತ್ತದೆಯೇ?

ನಾರ್ಫೋಕಿಗೆ ಎಲ್ಲ ಕಡೆಯಿಂದ 20 ಅಡಿ. ಕುಕ್ ಪೈನಿಗೆ 15 ಅಡಿ ಸಾಕು. ಬೇರು ಆಲದ ಹಾಗೆ ಗೋಡೆ ಹುಡುಕಿಕೊಂಡು ಹೋಗುವ ಜಾತಿಯಲ್ಲ. ತೊಂದರೆ ಬರುವುದು ಬೇರೆ ಥರ. ಬುಡ ದಪ್ಪವಾಗುತ್ತಾ ಹೋದ ಹಾಗೆ ಪಕ್ಕದ ಕಾಂಪೌಂಡನ್ನು ಭುಜ ಕೊಟ್ಟು ತಳ್ಳಿದ ಹಾಗೆ ತಳ್ಳುತ್ತದೆ. ನಮ್ಮ ಕಾಂಪೌಂಡಿನಲ್ಲಿ ಈಗ ಕಿರುಬೆರಳು ತೂರುವಷ್ಟು ಬಿರುಕಿದೆ.

ಸಂಪು, ಒಳಚರಂಡಿ ಪೈಪು, ಇಂಗುಗುಂಡಿ ಎಲ್ಲಿವೆ ಅಂತ ಮೊದಲೇ ನೋಡಿಕೊಳ್ಳಿ.

ನೆಡುವುದು ಯಾವಾಗ, ಹೇಗೆ?

ಡಿಸೆಂಬರಿನಲ್ಲಿ ಕೊಂಡರೂ ನೆಲಕ್ಕೆ ಹಾಕುವುದು ಮುಂಗಾರು ಹಿಡಿದ ಮೇಲೆ, ಜೂನ್-ಜುಲೈನಲ್ಲಿ. ಅಲ್ಲಿವರೆಗೆ ಕುಂಡದಲ್ಲೇ ಇಟ್ಟು ಬಿಸಿಲಿಗೆ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ. ನರ್ಸರಿಯಲ್ಲಿ ಹಸಿರು ಪರದೆ ಕೆಳಗೆ ಬೆಳೆದ ಗಿಡವನ್ನು ತಂದ ದಿನವೇ ಸುಡುಬಿಸಿಲಿಗಿಟ್ಟರೆ ಹಳದಿಗೆ ತಿರುಗುತ್ತದೆ.

ಗುಣಿ ಎರಡಡಿ ಅಗಲ, ಎರಡಡಿ ಆಳ ಇರಲಿ. ತೆಗೆದ ಮಣ್ಣಿಗೆ ಕಾಲು ಭಾಗದಷ್ಟು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದೆರಡು ಹಿಡಿ ಬೇವಿನ ಹಿಂಡಿ ಬೆರೆಸಿ. ಮಣ್ಣು ಜಿಗುಟಾಗಿದ್ದರೆ ಒಂದಿಷ್ಟು ದಪ್ಪ ಮರಳು ಸೇರಿಸಿ. ಹಸಿ ಸಗಣಿ ಬೇಡ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕವರಿನಿಂದ ಗಿಡ ತೆಗೆದಾಗ ಬೇರು ನೋಡಿ. ಬಹಳ ದಿನ ಕವರಿನಲ್ಲೇ ಇದ್ದ ಗಿಡದ ಬೇರು ಸಿಂಬಿಯ ಹಾಗೆ ಸುತ್ತಿಕೊಂಡಿರುತ್ತದೆ. ಹಾಗೇ ನೆಟ್ಟರೆ ಆ ಸುತ್ತು ಬಿಚ್ಚಿಕೊಳ್ಳುವುದಿಲ್ಲ. ಹತ್ತು ವರ್ಷದ ಮೇಲೆ 30 ಅಡಿ ಮರ ಒಂದು ಮಳೆಗಾಳಿಗೆ ಬುಡಸಮೇತ ಮಗುಚಿಕೊಳ್ಳುವುದು ಈ ಕಾರಣಕ್ಕೆ. ಸುತ್ತಿದ ಬೇರನ್ನು ಕೈಯಲ್ಲೇ ಮೆಲ್ಲಗೆ ಬಿಡಿಸಿ, ಹೊರಕ್ಕೆ ಹರಡಿ ನೆಡಿ. ಬಿಡಿಸಲಾಗದಷ್ಟು ಗಟ್ಟಿಯಾಗಿದ್ದರೆ ಆ ಗಿಡವನ್ನು ಕೊಳ್ಳಲೇಬೇಡಿ.

ಬುಡವನ್ನು ಮೊದಲು ಎಷ್ಟು ಮಣ್ಣಿನಲ್ಲಿತ್ತೋ ಅಷ್ಟೇ ಮುಚ್ಚಿ. ಕಾಂಡದ ಸುತ್ತ ಮಣ್ಣು ಗುಡ್ಡೆ ಹಾಕಬೇಡಿ.

ಒಂದೇ ಕುಂಡದಲ್ಲಿ ಮೂರು ಗಿಡ ಇವೆ. ಬೇರೆ ಮಾಡಲೇ?

ದಟ್ಟವಾಗಿ ಕಾಣಲಿ ಅಂತ ಹಾಗೆ ಹಾಕಿರುತ್ತಾರೆ. ಕುಂಡದಲ್ಲೇ ಇಟ್ಟುಕೊಳ್ಳುವುದಾದರೆ ಇರಲಿ ಬಿಡಿ. ನೆಲಕ್ಕೆ ಹಾಕುವುದಾದರೆ ಒಂದನ್ನು ಉಳಿಸಿಕೊಳ್ಳಿ. ಬೇರು ಹೆಣೆದುಕೊಂಡಿದ್ದರೆ ಎಳೆದಾಡಬೇಡಿ. ಇದಕ್ಕೆ ಬೇರು ಕದಲಿಸಿದರೆ ಆಗಿಬರುವುದಿಲ್ಲ. ಚೆನ್ನಾಗಿರುವುದನ್ನು ಬಿಟ್ಟು ಉಳಿದ ಎರಡನ್ನು ಮಣ್ಣಿನ ಮಟ್ಟಕ್ಕೆ ಕತ್ತರಿಸಿ. ಮನಸ್ಸಿಗೆ ಕಷ್ಟ, ಆದರೆ ಅದೇ ಸರಿ.

ನೀರು ಎಷ್ಟು ಹಾಕಬೇಕು?

ದಿನಾ ಒಂದು ಚೊಂಬು ಅನ್ನುವ ಲೆಕ್ಕ ಬಿಡಿ. ಕುಂಡದ ಗಿಡಕ್ಕೆ ಬೆರಳಿನ ಎರಡು ಗೆಣ್ಣು ಆಳ ಮಣ್ಣು ಒಣಗಿದಾಗ ಹಾಕಿ. ಹಾಕುವಾಗ ತಳದ ತೂತಿನಿಂದ ಹೊರಗೆ ಬರುವಷ್ಟು ಹಾಕಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ಈ ಗಿಡಗಳು ಬಾಯಾರಿ ಸಾಯುವುದಕ್ಕಿಂತ ನೀರು ಜಾಸ್ತಿಯಾಗಿ ಬೇರು ಕೊಳೆತು ಸಾಯುವುದೇ ಹೆಚ್ಚು.

ನೆಲದ ಗಿಡಕ್ಕೆ ಮೊದಲ ಎರಡು ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ, ಒಂದು ಬಕೆಟ್ ಪಾತಿ ತುಂಬಾ. ಆಮೇಲೆ ಮಳೆ ಸಾಕು, ತೀರಾ ಏಪ್ರಿಲಿನಲ್ಲಿ ಒಂದೆರಡು ಸಲ ಕೊಟ್ಟರಾಯಿತು. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕುಂಡದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಮಳೆಗಾಲದಲ್ಲಿ ಕುಂಡವನ್ನು ಎರಡು ದಿನ ಹೊರಗಿಟ್ಟರೆ ಆ ಉಪ್ಪೆಲ್ಲ ತೊಳೆದುಹೋಗುತ್ತದೆ.

ಗೊಬ್ಬರದ ಬಗ್ಗೆ ಇಷ್ಟೇ: ಮೂರು ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ. ಗುಲಾಬಿಗೆ ಹಾಕಿದ ಹಾಗೆ ಇದಕ್ಕೆ ಹಾಕಬೇಡಿ.

ಕೆಳಗಿನ ಕೊಂಬೆ ಒಣಗಿ ಬೀಳುತ್ತಿದೆ. ಗಿಡ ಸಾಯುತ್ತಿದೆಯೇ?

ಒಂದೋ ಎರಡೋ ಕೆಳಗಿನ ಸುತ್ತು ವರ್ಷಕ್ಕೊಮ್ಮೆ ಹೋದರೆ ಅದು ವಯಸ್ಸು. ನಾಲ್ಕೈದು ಸುತ್ತು ಒಟ್ಟಿಗೆ ಕಂದಾದರೆ ಏನೋ ಆಗಿದೆ ಅಂತ. ಬೆಳಕು ಸಾಲದೆ ಇರಬಹುದು, ನೀರು ಹೆಚ್ಚಾಗಿರಬಹುದು, ಇಲ್ಲವೇ ಎಸಿಯ ಒಣಗಾಳಿ ನೇರವಾಗಿ ಬಡಿಯುತ್ತಿರಬಹುದು. ಮೊದಲು ಬುಡದ ಮಣ್ಣು ಮುಟ್ಟಿ ನೋಡಿ. ಪಿಚಪಿಚ ಅನ್ನುತ್ತಿದ್ದರೆ, ಹುಳಿ ವಾಸನೆ ಬರುತ್ತಿದ್ದರೆ ನೀರು ನಿಲ್ಲಿಸಿ.

ಬೇಸರದ ಸಂಗತಿ ಏನೆಂದರೆ, ಹೋದ ಕೊಂಬೆ ಮತ್ತೆ ಬರುವುದಿಲ್ಲ. ದಾಸವಾಳ ಕತ್ತರಿಸಿದರೆ ಚಿಗುರುತ್ತದಲ್ಲ, ಇದು ಹಾಗಲ್ಲ. ಅದಕ್ಕೇ ಹೇಳುವುದು, ಒಣಗದ ಕೊಂಬೆಯನ್ನು ದಾರಿಗೆ ಅಡ್ಡ ಬಂತು ಅಂತ ಸವರಬೇಡಿ. ಗಿಡದ ಅಂದ ಕೆಳಗಿನ ಸುತ್ತಿನಲ್ಲಿದೆ.

ಸುಳಿ ಕತ್ತರಿಸಿ ಗಿಡ್ಡ ಮಾಡಬಹುದೇ?

ಬೇಡ. ಅಡಿಕೆ, ತೆಂಗಿನ ಸುಳಿ ಮುರಿದರೆ ಮರವೇ ಹೋಗುತ್ತದೆ. ಅರಾಕೇರಿಯಾ ಸಾಯುವುದಿಲ್ಲ, ಆದರೆ ಅಂದ ಹೋಗುತ್ತದೆ. ಕತ್ತರಿಸಿದ ಜಾಗದ ಕೆಳಗಿನಿಂದ ಎರಡು ಮೂರು ಹೊಸ ಸುಳಿಗಳು ನೆಟ್ಟಗೆ ಏಳುತ್ತವೆ. ಪೈಪೋಟಿ ಮೇಲೆ ಬೆಳೆಯುತ್ತವೆ. ಅಂದರೆ ಗಿಡ್ಡ ಆಗುವ ಬದಲು ಕವೆಗೋಲು ಆಗುತ್ತದೆ. ಗಾಳಿಗೆ ಸೀಳುವುದು ಆ ಕವೆಯಲ್ಲೇ.

ನಮ್ಮ ಮರಕ್ಕೆ ಆದದ್ದು ಇದೇ. ಹನ್ನೊಂದನೇ ವರ್ಷಕ್ಕೆ ಸುಳಿ ತಂತಿಗೆ ತಾಗಿತು. ಒಂದು ಬೆಳಗ್ಗೆ ನಾನು ಆಫೀಸಿಗೆ ಹೋಗಿದ್ದಾಗ ಲೈನಿನವರು ಬಂದು ಆರಡಿ ತುದಿಯನ್ನು ಕಡಿದು ರಸ್ತೆಯಲ್ಲಿ ಹಾಕಿ ಹೋಗಿದ್ದರು. ಅವರನ್ನು ಬಯ್ದು ಏನು? ತಂತಿ ಕೆಳಗೆ ನೆಟ್ಟವನು ನಾನು.

ನಿಜವಾದ ಪೈನಿನ ಲೆಕ್ಕ ಬೇರೆ. ಅದರ ತುದಿಯಲ್ಲಿ ಮೊಂಬತ್ತಿಯ ಹಾಗೆ ತಿಳಿ ಬಣ್ಣದ ಚಿಗುರು ನಿಲ್ಲುತ್ತದೆ. ಸೂಜಿ ಬಿಚ್ಚಿಕೊಳ್ಳುವ ಮುಂಚೆ ಆ ಚಿಗುರನ್ನು ಬೆರಳಲ್ಲಿ ಅರ್ಧಕ್ಕೆ ಚಿವುಟಿದರೆ ಮರ ಒತ್ತಾಗಿ, ನಿಧಾನವಾಗಿ ಬೆಳೆಯುತ್ತದೆ. ಹಳೆಯ, ಸೂಜಿ ಉದುರಿದ ಕೊಂಬೆಗೆ ಕತ್ತರಿ ಹಾಕಿದರೆ ಮಾತ್ರ ಅದು ಮೋಟಾಗಿಯೇ ಉಳಿಯುತ್ತದೆ.

ಕೊಂಬೆ ನೆಟ್ಟರೆ ಗಿಡ ಆಗುತ್ತದೆಯೇ?

ಬೇರು ಬಿಡಬಹುದು. ಆದರೆ ಅರಾಕೇರಿಯಾದ ಅಡ್ಡಕೊಂಬೆ ನೆಟ್ಟರೆ ಅದು ಜೀವನಪೂರ್ತಿ ಅಡ್ಡಕ್ಕೇ ಬೆಳೆಯುತ್ತದೆ! ನೆಲದ ಮೇಲೆ ಕೈ ಚಾಚಿದ ಹಾಗೆ. ತಾನು ಕೊಂಬೆ ಅನ್ನುವುದನ್ನು ಅದು ಮರೆಯುವುದೇ ಇಲ್ಲ. ನೆಟ್ಟಗೆ ಬೆಳೆಯಬೇಕಾದರೆ ಸುಳಿಯನ್ನೇ ನೆಡಬೇಕು. ಒಂದು ಮರಕ್ಕೆ ಇರುವುದು ಒಂದೇ ಸುಳಿ. ಹಾಗಾಗಿ ಬೀಜದ ಗಿಡವೇ ಸರಿ.

ಶಿಮ್ಲಾದಿಂದ ಪೈನ್ ಕಾಯಿ ತಂದಿದ್ದೇವೆ. ಬಿತ್ತಬಹುದೇ?

ಪ್ರವಾಸದಿಂದ ಬಂದ ಪ್ರತಿ ಮನೆಯ ಶೋಕೇಸಿನಲ್ಲೂ ಒಂದು ಇರುತ್ತದೆ. ಆ ಕಾಯಿ ಆಗಲೇ ಬಾಯಿ ಬಿಟ್ಟಿರುತ್ತದೆ. ಬೀಜ ಇದ್ದದ್ದು ಒಂದೊಂದು ಚಿಪ್ಪಿನ ಬುಡದಲ್ಲಿ, ತೆಳ್ಳನೆಯ ರೆಕ್ಕೆ ಸಮೇತ. ಚಿಪ್ಪು ಬಿಚ್ಚಿದ ದಿನವೇ ಅದು ಗಾಳಿಯಲ್ಲಿ ಹಾರಿಹೋಗಿರುತ್ತದೆ. ನಿಮ್ಮ ಹತ್ತಿರ ಇರುವುದು ಖಾಲಿ ಮನೆ. ಇನ್ನು ಮರದ ಗುಲಾಬಿ ಹೂವಿನ ಹಾಗೆ ಕಾಣುವ ಒಂದನ್ನು ತಂದಿದ್ದರೆ ಅದು ದೇವದಾರು ಕಾಯಿಯ ತುದಿ. ಆ ಕಾಯಿ ಮರದ ಮೇಲೇ ಪುಡಿಯಾಗುತ್ತದೆ, ತುದಿ ಮಾತ್ರ ಇಡಿಯಾಗಿ ಬೀಳುತ್ತದೆ. ಶೋಕೇಸಿನಲ್ಲೇ ಚೆಂದ.

ಮುಚ್ಚಿದ ಚೀಡ್ ಕಾಯಿ ಸಿಕ್ಕಿದ್ದರೆ ಬಿಸಿಲಿಗಿಡಿ, ತೆರೆದುಕೊಳ್ಳುತ್ತದೆ. ಬೀಜವನ್ನು ಒಂದು ರಾತ್ರಿ ನೆನೆಹಾಕಿ, ಮರಳು ಬೆರೆತ ಮಣ್ಣಿನಲ್ಲಿ ಅರ್ಧ ಅಂಗುಲ ಆಳಕ್ಕೆ ಬಿತ್ತಿ. ಇಲ್ಲಿ ಒಂದು ಗುಟ್ಟಿದೆ. ಪೈನಿನ ಬೇರಿಗೆ ಒಂದು ಬಗೆಯ ಶಿಲೀಂಧ್ರದ ಜತೆ ಬೇಕು. ಅದು ಮಣ್ಣಿನ ಸಾರವನ್ನು ಬೇರಿಗೆ ಮುಟ್ಟಿಸುತ್ತದೆ, ಮರ ಅದಕ್ಕೆ ಸಕ್ಕರೆ ಕೊಡುತ್ತದೆ. ಪೈನ್ ಇಲ್ಲದ ನಾಡುಗಳಲ್ಲಿ ಮೊದಮೊದಲು ನೆಟ್ಟ ತೋಪುಗಳು ಹಳದಿಯಾಗಿ ಸತ್ತವು. ಪೈನ್ ಕಾಡಿನ ಮಣ್ಣು ತಂದು ಬೆರೆಸಿದ ಮೇಲೆ ಚೇತರಿಸಿಕೊಂಡವು. ಆದ್ದರಿಂದ ಬೆಳೆದ ಪೈನ್ ಮರದ ಬುಡದ ಒಂದು ಹಿಡಿ ಮಣ್ಣು ಸಿಕ್ಕರೆ ಪಾತಿಗೆ ಸೇರಿಸಿ. ಹೆಪ್ಪು ಹಾಕಿದ ಹಾಗೆ.

ನಮ್ಮ ಮರ ವಾಲುತ್ತಿದೆ. ಬೀಳುತ್ತದೆಯೇ?

ಯಾವ ಕಡೆಗೆ ವಾಲುತ್ತಿದೆ ಹೇಳಿ. ತೆಂಕಣಕ್ಕೆ ಅಂದರೆ ಅದು ಕುಕ್ ಪೈನ್ ಇರಬಹುದು. ಈ ಮರಕ್ಕೆ ಒಂದು ವಿಚಿತ್ರ ಚಾಳಿ ಇದೆ. ಪ್ರಪಂಚದಲ್ಲಿ ಎಲ್ಲೇ ನೆಟ್ಟರೂ ಸಮಭಾಜಕ ವೃತ್ತದ ಕಡೆಗೆ ವಾಲುತ್ತದೆ. 2017ರಲ್ಲಿ ಐದು ಖಂಡಗಳ 256 ಮರಗಳನ್ನು ಅಳೆದ ಲೆಕ್ಕ ಹೊರಬಂತು. ಸರಾಸರಿ ವಾಲು ಎಂಟೂವರೆ ಡಿಗ್ರಿ. ಉತ್ತರಾರ್ಧದ ಮರಗಳು ದಕ್ಷಿಣಕ್ಕೆ, ದಕ್ಷಿಣಾರ್ಧದವು ಉತ್ತರಕ್ಕೆ. ಸಮಭಾಜಕದಿಂದ ದೂರ ಹೋದಷ್ಟೂ ವಾಲು ಜಾಸ್ತಿ. ಇದನ್ನು ಓದಿದ ದಿನದಿಂದ ನಾನು ಯಾವ ಊರಿಗೆ ಹೋದರೂ ಕ್ರಿಸ್‌ಮಸ್ ಮರ ಕಂಡರೆ ದಿಕ್ಕು ನೋಡುತ್ತೇನೆ. ಮನೆಯವರಿಗೆ ತಲೆಬಿಸಿ.

ಇದು ವರ್ಷಗಟ್ಟಲೆ ನಿಧಾನವಾಗಿ ಆಗುವ ವಾಲು. ಹೆದರಬೇಡಿ. ಆದರೆ ಮೊನ್ನೆವರೆಗೆ ನೆಟ್ಟಗಿದ್ದ ಮರ ಮಳೆಯಾದ ಮೇಲೆ ಬಾಗಿದ್ದರೆ, ಬುಡದ ಒಂದು ಬದಿಯ ಮಣ್ಣು ಎದ್ದಿದ್ದರೆ, ಅದು ಬೇರು ಸಡಿಲಾದ ಗುರುತು. ಆ ಮರದ ಕೆಳಗೆ ಕಾರು ನಿಲ್ಲಿಸಬೇಡಿ, ತಿಳಿದವರನ್ನು ಅಂದೇ ಕರೆಸಿ.

ಎಲೆ ಮೇಲೆ ಬೂದು ಬಣ್ಣ, ಸಣ್ಣ ಬಲೆ ಕಾಣುತ್ತಿದೆ.

ನುಸಿ. ಮಾರ್ಚ್-ಏಪ್ರಿಲಿನ ಒಣಹವೆಯಲ್ಲಿ ಬರುತ್ತದೆ. ಒಂದು ಬಿಳಿ ಕಾಗದ ಕೆಳಗೆ ಹಿಡಿದು ಕೊಂಬೆ ತಟ್ಟಿ. ಚುಕ್ಕಿಗಳು ಬಿದ್ದು ಓಡಾಡಿದರೆ ಅದೇ. ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ಮೂರು ನಾಲ್ಕು ದಿನಕ್ಕೊಮ್ಮೆ ತೊಳೆದರೆ ಅರ್ಧ ಹೋಗುತ್ತದೆ. ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪು ದ್ರಾವಣ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಹತ್ತಿಯ ಹಾಗೆ ಬೆಳ್ಳಗೆ ಅಂಟಿಕೊಂಡಿದ್ದರೆ ಹಿಟ್ಟು ತಿಗಣೆ. ಅದಕ್ಕೂ ಇದೇ ಮದ್ದು. ಇರುವೆ ಸಾಲು ಹತ್ತುತ್ತಿದ್ದರೆ ಮೊದಲು ಅದನ್ನು ತಡೆಯಿರಿ, ತಿಗಣೆಯನ್ನು ಸಾಕುವವು ಅವೇ.

ಉದುರಿದ ಸೂಜಿಯಿಂದ ಮಣ್ಣು ಹುಳಿಯಾಗಿ ಬೇರೆ ಗಿಡ ಬರುವುದಿಲ್ಲವಂತೆ?

ಮಾತು ದೊಡ್ಡದು, ಹುಳಿ ಸಣ್ಣದು. ತರಗು ಕಳಿತಾ ಹೋದ ಹಾಗೆ ಆ ಹುಳಿ ತಗ್ಗುತ್ತದೆ. ಕೆಳಗೆ ಗಿಡ ಬರದೆ ಇರುವುದಕ್ಕೆ ನಿಜವಾದ ಕಾರಣ ನೆರಳು, ಮತ್ತು ಮಣ್ಣಿನ ನೀರನ್ನೆಲ್ಲ ಮರವೇ ಹೀರುವುದು. ಸೂಜಿಯನ್ನು ಗುಡಿಸಿ ಬಿಸಾಡಬೇಡಿ, ಗಿಡಗಳ ಬುಡಕ್ಕೆ ಹೊದಿಕೆ ಮಾಡಿ.

ಒಂದೇ ಎಚ್ಚರಿಕೆ, ಬೆಂಕಿ. ಒಣಗಿದ ಚೀಡ್ ಸೂಜಿಗೆ ರಾಳ ಇರುತ್ತದೆ, ಬೇಗ ಹೊತ್ತಿಕೊಳ್ಳುತ್ತದೆ. ಉತ್ತರಾಖಂಡದ ಕಾಡ್ಗಿಚ್ಚಿಗೆ ಇದೂ ಒಂದು ಕಾರಣ. ಕಾರ್ತಿಕದ ದೀಪ ಇಡುವಾಗ, ದೀಪಾವಳಿಯಲ್ಲಿ ಪಟಾಕಿ ಹೊಡೆಯುವಾಗ ಬುಡ ಗುಡಿಸಿರಲಿ. ಅಂದ ಹಾಗೆ, ಆರತಿಗೆ ಹಚ್ಚುವ ಕರ್ಪೂರ ಈಗ ಹೆಚ್ಚಾಗಿ ತಯಾರಾಗುವುದು ಪೈನ್ ರಾಳದಿಂದ ತೆಗೆದ ಟರ್ಪೆಂಟೈನಿನಿಂದಲೇ. ಆ ಸೂಜಿ ಏಕೆ ಹಾಗೆ ಉರಿಯುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಮನೆಯೊಳಗೆ ಇಡಬಹುದೇ? ಕ್ರಿಸ್‌ಮಸ್ ಲೈಟ್ ಹಾಕಿದರೆ?

ಕಿಟಕಿ ಪಕ್ಕ ಬೆಳಕು ಚೆನ್ನಾಗಿದ್ದರೆ ಇಡಿ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ, ಇಲ್ಲದಿದ್ದರೆ ಒಂದೇ ಕಡೆಗೆ ಬಾಗುತ್ತದೆ. ಎಲ್‌ಇಡಿ ಸರ ಪರವಾಗಿಲ್ಲ. ಬಿಸಿಯಾಗುವ ಹಳೆ ಬಲ್ಬಿನ ಸರ ಬೇಡ. ಭಾರದ ಗಂಟೆ, ಗುಂಡು ತೂಗಿಹಾಕಿದರೆ ಎಳೆ ಕೊಂಬೆ ಜೋತುಬೀಳುತ್ತದೆ. ಹಿಮದ ಹಾಗೆ ಕಾಣಲಿ ಅಂತ ಬಣ್ಣದ ಸ್ಪ್ರೇ ಹೊಡೆದ ಗಿಡ ಮಾರುತ್ತಾರಲ್ಲ, ಅದನ್ನು ಕೊಳ್ಳಬೇಡಿ. ಎಲೆ ಉಸಿರಾಡುವುದು ಹೇಗೆ? ಹಬ್ಬ ಮುಗಿದ ಮೇಲೆ ಬಾಲ್ಕನಿಗೆ ಹಾಕಿ.

ಜಾಗ ಇಲ್ಲ. ಇದೇ ಥರ ಕಾಣುವ ಚಿಕ್ಕ ಗಿಡ ಯಾವುದಿದೆ?

ತುಜಾ ಇದೆ. ಶಾಲೆಗೆ ಹೋಗುವಾಗ ಎಲೆಯನ್ನು ಪುಸ್ತಕದೊಳಗೆ ಇಟ್ಟರೆ ವಿದ್ಯೆ ಬರುತ್ತದೆ ಅಂತ ಇಟ್ಟುಕೊಳ್ಳುತ್ತಿದ್ದೆವಲ್ಲ, ಅದೇ. ಬಿಸಿಲು ತಡೆಯುತ್ತದೆ, ಕತ್ತರಿಸಿದ ಹಾಗೆ ಕೇಳುತ್ತದೆ. ಜುನಿಪರ್ ಕೂಡ ಒಳ್ಳೆಯದು, ಬೋನ್ಸಾಯ್‌ಗೆ ಕೈ ಹಾಕುವವರು ಅದರಿಂದ ಶುರು ಮಾಡಲಿ. ಲಾಲ್‌ಬಾಗಿನಲ್ಲಿ ಬೋನ್ಸಾಯ್ ತೋಟವೇ ಇದೆ, ನೋಡಿ ಬನ್ನಿ. ಹಳದಿ ಬಣ್ಣದ, ಮುಟ್ಟಿದರೆ ನಿಂಬೆ ವಾಸನೆ ಬರುವ ಗೋಲ್ಡ್‌ಕ್ರೆಸ್ಟ್ ಸೈಪ್ರೆಸ್ ಎಲ್ಲರ ಮನಸೂರೆ ಮಾಡುತ್ತದೆ. ಆದರೆ ಅದು ತಂಪಿನ ಗಿಡ. ನಾನು ಮೂರು ಸಲ ತಂದೆ, ಮೂರೂ ಮೇ ತಿಂಗಳು ನೋಡಲಿಲ್ಲ. ನಮ್ಮ ಭಾವನ ಮನೆ ಮಡಿಕೇರಿ ಹತ್ತಿರ, ಅಲ್ಲಿ ಆರಾಮಾಗಿದೆ.

ತೆಂಗಿನ ಗರಿಯಂಥ ಎಲೆಯ ಸೈಕಸ್ ಅನ್ನೂ ಕೆಲವರು ಪೈನ್ ಅನ್ನುತ್ತಾರೆ. ಅಲ್ಲ. ಮನೆಯಲ್ಲಿ ನಾಯಿ ಇದ್ದರೆ ಅದನ್ನು ತರಲೇಬೇಡಿ, ಬೀಜ ನಾಯಿಗೆ ವಿಷ.

ವಾಸ್ತು ಪ್ರಕಾರ ಮನೆ ಮುಂದೆ ಇರಬಹುದೇ?

ನನಗೆ ವಾಸ್ತು ಬರುವುದಿಲ್ಲ. ತಂತಿ, ಗೋಡೆ, ಸಂಪು ಮೂರನ್ನೂ ನೋಡಿ ನೆಡಿ ಅಂತ ಮಾತ್ರ ಹೇಳಬಲ್ಲೆ.

ತೋಟದ ಬದಿಯಲ್ಲಿ ಸಾಲಾಗಿ ಪೈನ್ ಹಾಕಬೇಕು ಅಂತಿದ್ದೇವೆ.

ಮನೆ ಮುಂದೆ ಒಂದೆರಡು ಅರಾಕೇರಿಯಾ ಇದ್ದರೆ ಯಾರಿಗೂ ತೊಂದರೆ ಇಲ್ಲ. ಶೋಲಾ ಕಾಡು (ಘಟ್ಟದ ಮೇಲಿನ ಕಣಿವೆಗಳ ಒತ್ತಾದ ಕಾಡು), ಹುಲ್ಲುಗಾವಲಿನ ಪಕ್ಕ ನಿಜವಾದ ಪೈನ್ ಹಾಕುವುದು ಬೇರೆ ವಿಷಯ. ರೆಕ್ಕೆಯ ಬೀಜ ಗಾಳಿಯಲ್ಲಿ ಹಾರಿ ಹುಲ್ಲಿನಲ್ಲಿ ಹುಟ್ಟುತ್ತದೆ. ನೀಲಗಿರಿಯ ಹುಲ್ಲುಗಾವಲುಗಳನ್ನು ನೀಲಗಿರಿ ಮರ, ವ್ಯಾಟಲ್ ಎಂಬ ಅಕೇಶಿಯಾ, ಪೈನ್ ಸೇರಿ ಎಷ್ಟು ನುಂಗಿವೆ ಅಂತ ಅಲ್ಲಿ ಓಡಾಡಿದವರಿಗೆ ಗೊತ್ತು. ಸಾಲುಮರ ಬೇಕಿದ್ದರೆ ನಿಮ್ಮ ಕಡೆಯ ಕಾಡುಮರಗಳನ್ನೇ ಹಾಕಿ.

ಮರ ತೆಗೆಸಬೇಕು. ನಮ್ಮ ಮನೆಯದ್ದೇ ತಾನೆ, ಕಡಿಸಬಹುದಲ್ಲ?

ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರಕ್ಕೂ ಅನ್ವಯಿಸುತ್ತದೆ. ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಅನುಮತಿ ಪಡೆಯಬೇಕು. ಸಿಲ್ವರ್ ಓಕ್, ಸರ್ವೆಯಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಅದನ್ನು ನಂಬಿಕೊಂಡು ಅರಾಕೇರಿಯಾಕ್ಕೆ ಕೊಡಲಿ ಹಾಕಬೇಡಿ. ಅರ್ಜಿಯ ಜತೆ ಮರದ ಫೋಟೋ, ಮನೆಯ ದಾಖಲೆ ಇಟ್ಟುಕೊಳ್ಳಿ. ಕಡಿಯುವಾಗ ಮೇಲಿನಿಂದ ತುಂಡು ತುಂಡಾಗಿ ಹಗ್ಗ ಕಟ್ಟಿ ಇಳಿಸುವವರನ್ನೇ ಕರೆಸಿ. ಒಂದೇ ಏಟಿಗೆ ಉರುಳಿಸಲು ಊರಲ್ಲಿ ಜಾಗ ಎಲ್ಲಿದೆ?

ನಿಮ್ಮ ಗೇಟಿನ ಮರ ಮತ್ತೆ ಮೊದಲಿನ ಹಾಗೆ ಆಯಿತೇ?

ಇಲ್ಲ. ಸುಳಿ ಕಡಿದ ಆರು ತಿಂಗಳಿಗೆ ಮೂರು ಹೊಸ ಸುಳಿ ಎದ್ದವು. ಏಣಿ ಹಾಕಿಸಿ, ತಂತಿಯಿಂದ ದೂರಕ್ಕೆ ಇದ್ದ ಒಂದನ್ನು ಬಿಟ್ಟು ಎರಡನ್ನು ತೆಗೆಸಿದೆ. ಉಳಿದದ್ದು ಮೊದಲು ಮನೆಯ ಕಡೆಗೆ ಬಾಗಿ, ಆಮೇಲೆ ನೆಟ್ಟಗಾಯಿತು. ಈಗ ತಂತಿಯ ಮಟ್ಟದಲ್ಲಿ ಮರಕ್ಕೆ ಮೊಣಕೈ ಹಾಗೆ ಒಂದು ತಿರುವು ಇದೆ. ಆ ತಿರುವಿನಲ್ಲಿ ಹೋದ ವರ್ಷ ಕಾಗೆ ಗೂಡು ಕಟ್ಟಿತ್ತು. ಗೂಡಿನಲ್ಲಿ ಒಂದು ತುಂಡು ಕರೆಂಟಿನ ವೈರೂ ಇತ್ತು.